ಅನ್ಸೆಲ್ಮೊನ ಹಾಜರಿ ಪದಕ

ನ್ಯೂ ಬೆಡ್‌ಫರ್ಡ್, ಬಂದರು ಬೀದಿ
ನವೆಂಬರ್ ೮, ೧೯೭೯, ಗುರುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬಲೆ ಎಳೆಯುವ ರಾಟೆ ಬಡಿದಿದ್ದ ನಿನ್ನ ಎಡಭುಜದ ನೋವು ಈಗ ಹೇಗಿದೆ? ಚಳಿ ಬಂದರೆ ಅದು ನಿನಗೆ ಕೈ ಎತ್ತಲು ಬಿಡುತ್ತಿರಲಿಲ್ಲ. ನೀನಿರುವ ಕಡೆ ಚಳಿ ಇನ್ನೂ ಹೆಚ್ಚೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ನಾವಿಬ್ಬರೂ ಕ್ಷೇಮ. ಅಮ್ಮ ಮೀನು ಕತ್ತರಿಸುವ ಕೆಲಸಕ್ಕೆ ಮತ್ತೆ ಹೋಗುತ್ತಿದ್ದಾಳೆ, ಶನಿವಾರ ಕೇಲ್ ಸೊಪ್ಪಿನ ಸಾರು ಮಾಡುತ್ತಾಳೆ, ನನಗೆ ಉಪ್ಪು ಕಡಿಮೆ ಎನಿಸಿದರೂ ಬಾಯಿ ಬಿಡುವುದಿಲ್ಲ. ಹಿಂದಿನ ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಅವಳು ಸೌಟು ಕೆಳಗಿಟ್ಟು ನಿಲ್ಲುತ್ತಾಳೆ. ನಾನೂ ಓದುತ್ತಿದ್ದ ಹಾಳೆಯನ್ನು ಮಡಿಸುತ್ತೇನೆ. ಮೇಲಿನ ಮಹಡಿಯ ಬಾಡಿಗೆಯವರು ಬೇಸಿಗೆಯಲ್ಲೇ ಮನೆ ಖಾಲಿ ಮಾಡಿದರು ಅಣ್ಣಾ. ಸದ್ದು ಮಾತ್ರ ನಿಂತಿಲ್ಲ. ಬಾಗಿಲು ತೆರೆದರೆ ಮೆಟ್ಟಿಲು ಒದ್ದೆಯಾಗಿರುತ್ತದೆ, ಮಳೆ ಬಂದಿರಲಿ ಬಿಡಲಿ.

ಸುದ್ದಿಗೆ ಬರುತ್ತೇನೆ. ನಮ್ಮ ಚರ್ಚಿನ ಹುಡುಗರ ಬಳಗಕ್ಕೆ ನನ್ನನ್ನು ನಾಯಕನನ್ನಾಗಿ ಆರಿಸಿದ್ದಾರೆ. ನೀನು ಕೂರುತ್ತಿದ್ದ ಕುರ್ಚಿಯಲ್ಲೇ ಕೂರುತ್ತೇನೆ, ನೀನು ಬಡಿಯುತ್ತಿದ್ದ ಮರದ ಸುತ್ತಿಗೆಯನ್ನೇ ಬಡಿಯುತ್ತೇನೆ. ಆದರೆ ನಿನ್ನ ಹಾಗೆ ಸಾಸೇಜ್ ಊಟದ ಟಿಕೆಟ್ ಮಾರಿಸಿ ತೃಪ್ತಿಪಡುವವನಲ್ಲ, ಕೋಪಿಸಿಕೊಳ್ಳಬೇಡ. ಚರ್ಚಿನ ಬಾಗಿಲ ಬಳಿಯ ಗೂಡಿನಲ್ಲಿ ಇಟ್ಟಿರುವ ಕಿರುಹೊತ್ತಗೆಗಳನ್ನೆಲ್ಲ ಓದಿ ಮುಗಿಸಿದ್ದೇನೆ. ದುಡಿಯುವವನ ದೇಹ ದೇವರ ಗುಡಿ ಎಂದು ಅವುಗಳಲ್ಲಿದೆ. ಹಾಗಿದ್ದರೆ ಆ ಗುಡಿಯನ್ನು ಜನವರಿಯ ಕಡಲಿಗೆ ಬರಿಯ ಉಣ್ಣೆ ಅಂಗಿಯಲ್ಲಿ ಕಳಿಸುವವನು ಯಾರು? ತಣ್ಣೀರಿನಲ್ಲೂ ಮನುಷ್ಯನ ಮೈಶಾಖ ಹಿಡಿದಿಡುವ ರಬ್ಬರ್ ಉಡುಪು ಬಂದಿದೆ, ಉತ್ತರದ ಕೆಲವು ದೋಣಿಗಳಲ್ಲಿ ಆಗಲೇ ಇಟ್ಟಿದ್ದಾರೆ. ಫ್ರಾದ್ ಸಾಹುಕಾರನ ಒಂದು ದೋಣಿಯಲ್ಲೂ ಇಲ್ಲ. ನೀನು ಹೋಗುತ್ತಿದ್ದ ಅವನ 'ಎಸ್ಟ್ರೆಲಾ'ದಲ್ಲೂ ಇರಲಿಲ್ಲ. ಪ್ರತಿ ದೋಣಿಯಲ್ಲೂ ಆಳಿಗೊಂದು ಇಡುವವರೆಗೆ ನಮ್ಮ ಹುಡುಗರು ಅವನನ್ನು ಬಿಡುವುದಿಲ್ಲವೆಂದು ಮೊದಲ ಸಭೆಯಲ್ಲೇ ಹೇಳಿಬಿಟ್ಟೆ. ಫಾದರ್ ಕಿಂತಾಲ್ ಕನ್ನಡಕ ತೆಗೆದು ಒರೆಸಿಕೊಂಡರು, ಬೇಡ ಎನ್ನಲಿಲ್ಲ.

ಅಡ್ಡ ಬಂದದ್ದು ನೀನು. ಹೇಗೆಂದು ಹೇಳುತ್ತೇನೆ. ಹಾಜರಿ ಕರೆಯುವಾಗ ಬಾರದವನ ಹೆಸರು ಬಂದರೆ ಅವನೆಲ್ಲಿದ್ದಾನೆಂದು ಬಲ್ಲವನೊಬ್ಬ ಎದ್ದು ಹೇಳಬೇಕು, ಹೇಳಿದರೆ ಅದು ಗೈರುಹಾಜರಿಯಲ್ಲ ಎನ್ನುವ ಪದ್ಧತಿ ನಿನಗೆ ಗೊತ್ತಲ್ಲ, ನೀನೇ ಅದನ್ನು ಬಿಗಿ ಮಾಡಿದ್ದು. ಕರಾವಳಿ ಕಾವಲು ಪಡೆಯವರು ನಿಮ್ಮ ದೋಣಿಯನ್ನು ಹುಡುಕುವುದು ನಿಲ್ಲಿಸಿದ ವಾರ, ಸದಸ್ಯ ಸತ್ತಾಗ ಮಾಡುವಂತೆ ಗೋಡೆಯ ಮೇಲಿನ ಬಳಗದ ಸನ್ನದು ಪತ್ರಕ್ಕೆ ಕಪ್ಪು ಬಟ್ಟೆ ಹಾಕಲು ಹುಡುಗರು ಹೊರಟಾಗ ಅಮ್ಮ ಅಡ್ಡ ನಿಂತಳು. "ನನ್ನ ಮಗನ ಮೇಲೆ ಕರೀ ಬಟ್ಟೆ ಹಾಕೋ ಕೈ ಯಾವುದು, ಮುಂದೆ ಬರ್ಲಿ ನೋಡೋಣ" ಅಂದಳು. ಯಾರೂ ಮುಂದೆ ಬರಲಿಲ್ಲ. ಹಾಗಾಗಿ ನಿನ್ನ ಹೆಸರು ಪಟ್ಟಿಯಲ್ಲೇ ಉಳಿಯಿತು. ಅದನ್ನು ಕರೆದಾಗಲೆಲ್ಲ ನಾನು ಎದ್ದು "ಸಮುದ್ರದಲ್ಲಿದ್ದಾನೆ" ಎನ್ನುತ್ತ ಬಂದೆ. ಅಂದೊಡನೆ ಎಲ್ಲರೂ ಬಾಗಿಲ ಕಡೆ ನೋಡುತ್ತಾರೆ. ನಮ್ಮ ಬಳಗದ ಸೆಫೆರಿನೊ ಒಮ್ಮೆ, "ಊರಲ್ಲಿದ್ದಾಗ ವಾರ ಬಿಟ್ಟು ವಾರ ಚಕ್ಕರ್ ಹೊಡೀತಿದ್ದ ಮಾರಾಯ, ಈಗ ನೋಡು, ಒಂದು ಸಭೇನೂ ತಪ್ಪಿಸ್ಕೊಂಡಿಲ್ಲ" ಎಂದು ನಕ್ಕು, ತಕ್ಷಣ ಶಿಲುಬೆಯ ಗುರುತು ಮಾಡಿಕೊಂಡ.

ಅವನು ನಕ್ಕು ಹೇಳಿದ್ದನ್ನು, ಹಾಜರಿ ಪುಸ್ತಕ ನೋಡಿದ ಬಳಗದ ರಾಜ್ಯ ಕಚೇರಿಯವರು ನಿಜವೆಂದೇ ನಂಬಿದರು. ಒಂದು ಸಭೆಯನ್ನೂ ತಪ್ಪಿಸದ ಸದಸ್ಯನಿಗೆಂದು ಅಕ್ಟೋಬರಿನಲ್ಲಿ ಅಂಚೆಯಲ್ಲಿ ಪದಕ ಬಂತು, ಹಿಂದೆ 'ಅನ್ಸೆಲ್ಮೊ' ಎಂದು ನಿನ್ನ ಹೆಸರು ಕೆತ್ತಿತ್ತು. ಫಾದರ್ ಅದನ್ನು ವಾಪಸು ಕಳಿಸಬೇಕೆಂದಿದ್ದರು, ಆದರೆ ಅಷ್ಟರಲ್ಲಿ ಅಮ್ಮನ ಕಿವಿಗೆ ಬಿತ್ತು. "ನೋಡಿದ್ರಾ, ಮೇಲಿನೋರಿಗೇ ಗೊತ್ತು ಅವನಿದ್ದಾನೆ ಅಂತ" ಎಂದು ಓಣಿಗೆಲ್ಲ ಸಾರಿದಳು. ಪದಕವನ್ನು ತಾಯಿಯೇ ಚುಚ್ಚಬೇಕಲ್ಲ, ನಿನ್ನ ನೀಲಿ ಕೋಟನ್ನು ಇಸ್ತ್ರಿ ಮಾಡಿ ತಂದು ಕುರ್ಚಿಯ ಬೆನ್ನಿಗೆ ಹಾಕಿ, ಎದೆಯ ಜಾಗದಲ್ಲಿ ಚುಚ್ಚಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆ ಕೋಟಿನ ತೋಳಿನಿಂದ ನೀರು ತೊಟ್ಟಿಕ್ಕಿದ್ದು ಇಸ್ತ್ರಿಯ ನೀರೇ ಇರಬೇಕು.

ಮೊನ್ನೆ ಭಾನುವಾರ ಪೂಜೆ ಮುಗಿದ ಮೇಲೆ ಹುಡುಗರನ್ನು ಕರೆದುಕೊಂಡು ಫ್ರಾದ್ ಸಾಹುಕಾರನ ಎದುರು ನಿಂತೆ. ರಬ್ಬರ್ ಉಡುಪಿನ ಮಾತೆತ್ತಿದೆ. ಅವನು ನನ್ನ ಭುಜ ತಟ್ಟಿ, "ನಿಮ್ಮಣ್ಣಂಗೆ ಪದಕ ಬಂತಂತಲ್ಲ ಮರಿ? ತಪ್ಪದೆ ಹಾಜರಿರೋನಿಗೆ ಉಡುಪು ಯಾಕಪ್ಪಾ ಬೇಕು?" ಅಂದ. ಸುತ್ತ ನಿಂತಿದ್ದವರಲ್ಲಿ ಇಬ್ಬರು ಮೂವರು ನಕ್ಕರು. ಅವರ ಮಕ್ಕಳೂ ಅವನ ದೋಣಿಯಲ್ಲೇ ಹೋಗುವವರು. ನನಗೆ ಉತ್ತರ ಗೊತ್ತಿತ್ತು, ಒಂದೇ ವಾಕ್ಯ. ಆದರೆ ಅಮ್ಮ ನನ್ನ ತೋಳು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಆ ವಾಕ್ಯ ಇಲ್ಲದೆ ನನ್ನ ಹೋರಾಟಕ್ಕೆ ನಾಲಗೆಯೇ ಇಲ್ಲ, ಅದನ್ನು ಆಡಿದರೆ ಅಮ್ಮನಿಗೆ ಮೆಟ್ಟಿಲ ಸದ್ದೂ ಉಳಿಯುವುದಿಲ್ಲ. ಸತ್ಯದ ಬಗ್ಗೆ ಇಷ್ಟು ಓದಿದ ನಾನು ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಈ ಭಾನುವಾರದ ಸಭೆಗೆ ಊರವರನ್ನೆಲ್ಲ ಕರೆದಿದ್ದೇವೆ, ಫ್ರಾದ್ ಕೂಡ ಬರುತ್ತಾನೆ. ಕಿರಿಯನಾಗಿ ನಿನ್ನ ಆಶೀರ್ವಾದ ಬೇಡುತ್ತೇನೆ ಅಣ್ಣಾ, ನೀನಿರುವಲ್ಲಿಂದಲೇ ಕೈ ಎತ್ತು, ಭುಜ ನೋಯದಿದ್ದರೆ. ಫಾದರ್ ಮತ್ತು ಸೆಫೆರಿನೊ ನಿನ್ನನ್ನು ಕೇಳಿದ್ದಾರೆ.

ನಿನ್ನ ತಮ್ಮ
ದುವಾರ್ತೆ

ತಾ.ಕ.: ಜಿಲ್ಬೆರ್ತು ಮಾಮನ ದೋಣಿ ಹೊರಡುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ರೇಡಿಯೊ ಕೊನೆಯ ಸಲ ಮಾತಾಡಿದ ಜಾಗದಲ್ಲಿ ಮಾಮ ಈ ಪತ್ರವನ್ನು ಕಬ್ಬಿಣದ ತುಂಡಿಗೆ ಕಟ್ಟಿ ನೀರಿಗೆ ಇಳಿಸುತ್ತಾನೆ. ಈ ಬೆಳಿಗ್ಗೆ ಅಮ್ಮನಿಗೆ ಎಲ್ಲ ಹೇಳಿದೆ, ಭಾನುವಾರ ಏನು ಹೇಳಬೇಕೆಂದಿದ್ದೇನೆ ಎನ್ನುವುದನ್ನೂ. ಬೈಯುತ್ತಾಳೆಂದುಕೊಂಡಿದ್ದೆ. ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ಹೇಳು. ಆದ್ರೆ ಮೊದ್ಲು ಅವನಿಗೆ ಹೇಳು ಕಂದಾ. ಊರೋರ ಬಾಯಲ್ಲಿ ಕೇಳೋ ಹಾಗಾಗೋದು ಬೇಡ" ಅಂದಳು. ಅದಕ್ಕೇ ಈ ಪತ್ರ. ಇಷ್ಟುದ್ದ ಬರೆದೂ ಅದೊಂದನ್ನೇ ಬರೆದಿರಲಿಲ್ಲ. ಅಣ್ಣಾ, ನೀನು ಸತ್ತುಹೋಗಿದ್ದೀಯ.