ಟಿಕೆಟ್ಟಿನ ಜೊತೆ ಸ್ಪಂಜು

ಚಿಕ್ಕಪ್ಪನಿಗೆ ನಮಸ್ಕಾರ. "ಹಾಡಿದ್ರೆ ಹೊಟ್ಟೆ ತುಂಬುತ್ತಾ?" ಎಂದು ಕೇಳಿದ್ದಿರಲ್ಲ, ತುಂಬುತ್ತಿದೆ. ನಾನು ಹಾಡುವ ಬಾರಿನ ಮುಂದೆ ಜನ ಸರದಿಯಲ್ಲಿ ನಿಂತು ದುಬಾರಿ ಟಿಕೆಟ್ ಕೊಳ್ಳುತ್ತಾರೆ. ಬಾಗಿಲು ಕಾಯುವವನು ಅವರ ಕೈಗೆ ಮುದ್ರೆ ಒತ್ತಿ, ಸ್ಪೀಕರಿನ ಅಬ್ಬರ ತಡೆಯಲು ಕಿವಿಗೆ ತುರುಕಿಕೊಳ್ಳುವ ಎರಡು ಸ್ಪಂಜಿನ ತುಂಡು ಕೊಡುತ್ತಾನೆ. ಕಿವಿ ಮುಚ್ಚಿಕೊಂಡೇ ನಡುರಾತ್ರಿ ದಾಟುವವರೆಗೆ ಕುಣಿಯುತ್ತಾರೆ. "ಮತ್ತೆ ಹಾಡು ಕೇಳೋದು ಯಾವಾಗ?" ಎಂದು ಅವನನ್ನು ಕೇಳಿದೆ. "ಕೇಳೋಕೆ ಯಾರು ಬರ್ತಾರಮ್ಮ?" ಎಂದು ನಕ್ಕ. ನಾನು ಬಾಯಿ ತೆರೆದರೆ ಸಾಕು, ನೀವು ದಡಾರನೆ ಬಾಗಿಲು ಹಾಕಿಕೊಳ್ಳುತ್ತಿದ್ದಿರಿ; ಆ ಪುಕ್ಕಟೆ ಭಾಗ್ಯ ಇವರಿಗಿಲ್ಲ. ಗಂಟಲಿಗೆ ಏನೂ ಆಗಿಲ್ಲ, ಗಾಬರಿ ಬೇಡ. ಮುಂದಿನ ತಿಂಗಳು ಬಂದು ಹದಿನೈದು ದಿನ ಇರುತ್ತೇನೆ. ದಿನಾ ಬೆಳಿಗ್ಗೆ ಐದಕ್ಕೇ ಅಭ್ಯಾಸ. ನಿಮಗೂ ಒಂದು ಜೊತೆ ಸ್ಪಂಜು ತರಲೇ?

ನಿಮ್ಮ ಅಣ್ಣನ ಮಗಳು