ಗೂಡು ತುಳಿದವರಿಗೆ ಕಾಫಿ ಇಲ್ಲ

ಆಲ್ಡರ್ ಬ್ರಿಡ್ಜ್, ಮೊಂಟಾನಾ
ನವೆಂಬರ್ ೧೯, ಮಂಗಳವಾರ

ಪ್ರೀತಿಯ ಇಂಗ್ರಿಡ್,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಅಂಗಡಿಯ ಕೆಲಸದ ನೆಪ ಹೇಳಬಹುದಿತ್ತು. ಆದರೆ ನವೆಂಬರಿನಲ್ಲಿ ಗಾಳದಂಗಡಿಗೆ ಎಷ್ಟು ಜನ ಬರುತ್ತಾರೆಂದು ಇದೇ ಅಂಗಡಿಯಲ್ಲಿ ಬೆಳೆದ ನಿನಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ. ನೀನು ಕೇಳಿದ್ದು ಒಂದೇ ಪ್ರಶ್ನೆ: ಹಾರ್ಲನ್‌ಗೆ ಹೂಂ ಅಂದೆಯೋ, ಉಹೂಂ ಅಂದೆಯೋ? ಉತ್ತರ ನನ್ನ ಹತ್ತಿರ ಇರಲಿಲ್ಲ, ಹಾಗಾಗಿ ಕಾಗದವೂ ಇರಲಿಲ್ಲ. ಅಮ್ಮನನ್ನು ಕ್ಷಮಿಸು. ಮಕ್ಕಳ ನೆಗಡಿ ಬಿಟ್ಟಿತೇ? ನಿಮ್ಮ ಡುಲೂತ್‌ನಲ್ಲಿ ಆಗಲೇ ಮೊಣಕಾಲುದ್ದ ಹಿಮ ಅಂತ ರೇಡಿಯೋದಲ್ಲಿ ಹೇಳಿದರು.

ಇಲ್ಲಿ ಇನ್ನೂ ಅಷ್ಟಿಲ್ಲ. ಬೆಳಿಗ್ಗೆ ನದಿಯ ಅಂಚಿಗೆ ಗಾಜಿನಂತೆ ಮಂಜುಗಡ್ಡೆ ಕಟ್ಟುತ್ತದೆ, ಮಧ್ಯಾಹ್ನಕ್ಕೆ ಬಿಡುತ್ತದೆ. ಬೇಸಿಗೆಯ ಪ್ರವಾಸಿಗಳೆಲ್ಲ ಖಾಲಿಯಾಗಿ ಈಗ ಉಳಿದವರು ಅಪ್ಪಟ ಹುಚ್ಚರು. ಗಾಳದ ಕೋಲಿನ ಉಂಗುರಗಳಲ್ಲಿ ದಾರ ಹೆಪ್ಪುಗಟ್ಟಿದರೆ ಉಂಗುರವನ್ನೇ ಬಾಯಲ್ಲಿಟ್ಟು ಕರಗಿಸುವ ಜಾತಿ. ಚಳಿಗೆ ಟ್ರೌಟ್ ಮೀನುಗಳು ಸೋಮಾರಿಯಾಗಿವೆ. ಕೊಕ್ಕೆಗೆ ಗರಿ, ದಾರ ಸುತ್ತಿ ಕಟ್ಟಿದ ಎಳ್ಳುಕಾಳಿನಷ್ಟು ಸಣ್ಣ ಹುಸಿನೊಣವನ್ನು ಸರಿಯಾಗಿ ಮೂತಿಯ ಮುಂದೆಯೇ ತೇಲಿಸಬೇಕು, ಒಂದು ಗೇಣು ಆಚೀಚೆ ಆದರೂ ಎದ್ದು ಬರುವುದಿಲ್ಲ. ಊಟದ ಮೇಜಿನಲ್ಲಿ ನಿನ್ನ ಲೈಲ್ ಮಾವನೂ ಹಾಗೇ, ತಟ್ಟೆ ಮೂಗಿನಡಿಗೆ ಬಂದರಷ್ಟೇ ಕೈ ಎತ್ತುತ್ತಿದ್ದದ್ದು.

ಹಾರ್ಲನ್ ವಿಷಯಕ್ಕೆ ಬರುತ್ತೇನೆ. ಜುಲೈನಲ್ಲಿ ಬಂದಾಗ ನೀನು ಅವನ ಕೈ ಕುಲುಕಿದ್ದೆ ಅಷ್ಟೆ. ನಾನು ಅವನ ಜಮಾಖರ್ಚನ್ನು ಪೂರ್ತಿ ನೋಡಿದ್ದೇನೆ. ಜಮೆಯ ಕಡೆ: ಆಯಸ್ಸಿಡೀ ದನದ ಡಾಕ್ಟರಾಗಿದ್ದವನು, ಆದ್ದರಿಂದ ತಾಳ್ಮೆ ಇದೆ. ಕೇಳದೆ ಪಾತ್ರೆ ತೊಳೆಯುತ್ತಾನೆ. ಹಿಡಿದ ಮೀನು ತಪ್ಪಿಸಿಕೊಂಡರೆ ನದಿಯನ್ನು ಬಯ್ಯುವುದಿಲ್ಲ. ಹೆಂಡತಿ ತೀರಿಕೊಂಡದ್ದನ್ನು ಎಲ್ಲರೆದುರು ಬಿಚ್ಚಿಡುವುದಿಲ್ಲ. ಖರ್ಚಿನ ಕಡೆ: ಗಾಳ ಎಸೆಯುವಾಗ ಎತ್ತಿಗೆ ಸೂಜಿ ಚುಚ್ಚುವವನ ಹಾಗೆ ಮೊಣಕೈ ಬಿಗಿಮಾಡುತ್ತಾನೆ. ಎಷ್ಟು ಹೇಳಿದರೂ ಬಿಟ್ಟಿಲ್ಲ. ಒಟ್ಟಿನಲ್ಲಿ ಲಾಭದಲ್ಲಿರುವ ಮನುಷ್ಯ.

ಕಳೆದ ತಿಂಗಳು ಅಂಗಡಿಯಲ್ಲಿ ಕೊಕ್ಕೆಗಳನ್ನು ಡಬ್ಬಿಗಳಿಗೆ ಬೇರ್ಪಡಿಸುತ್ತಾ ಕೂತಿದ್ದಾಗ ತಲೆ ಎತ್ತದೆಯೇ ಕೇಳಿದ: "ವರ್ನಾ, ಒಂದೇ ಬೀದೀಲಿ ನಾವಿಬ್ರೂ ಬೇರೆ ಬೇರೆ ಒಲೆ ಉರಿಸ್ತಾ ಇರೋದು ಯಾಕೆ?" ಕಟ್ಟಿಗೆ ಜಾಸ್ತಿ ಇರೋದಕ್ಕೆ ಅಂದೆ. ನಕ್ಕ. ಆಮೇಲೆ ನಗದೆ ಕೇಳಿದ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ ಹೇಳುತ್ತೇನೆ ಅಂದೆ.

ಅಷ್ಟರಲ್ಲಿ, ಎರಡು ವಾರದ ಹಿಂದೆ, ಒಂದು ಸಂಗತಿ ನಡೆಯಿತು. ನಿನಗೆ ಯಾರಾದರೂ ಬರೆಯುವ ಮೊದಲು ನಾನೇ ಬರೆದುಬಿಡುತ್ತೇನೆ.

ಇದು ಬ್ರೌನ್ ಟ್ರೌಟ್ ಮೊಟ್ಟೆಯಿಡುವ ಕಾಲ. ಹೆಣ್ಣು ಮೀನು ಬಾಲದಿಂದ ಪಾಚಿಗಲ್ಲುಗಳನ್ನು ಗುಡಿಸಿ ಚಾಪೆಯಗಲದ ಜಾಗವನ್ನು ಬೆಳ್ಳಗೆ ಮಾಡಿಟ್ಟಿರುತ್ತದೆ, ಅದೇ ಗೂಡು. ಒಂದು ಬೂಟುಗಾಲು ಬಿದ್ದರೆ ಒಂದು ಸಂಸಾರ ಮುಗಿಯಿತು. ಅದಕ್ಕೇ ನಮ್ಮ ಅಂಗಡಿಯ ಕಾನೂನು. ಹಲಗೆಯ ಮೇಲೆ ಊರಿನವರ ಕಾಫಿ ಮಗ್ಗುಗಳು ಸಾಲಾಗಿರುತ್ತವಲ್ಲ, ಗೂಡು ತುಳಿದವರ ಮಗ್ಗು ಬೋರಲಾಗಿ ಮೇಲಿನ ಹಲಗೆಗೆ ಹೋಗುತ್ತದೆ. ವಸಂತದಲ್ಲಿ ಮತ್ತೆ ನದಿಯ ಮಂಜುಗಡ್ಡೆ ಒಡೆಯುವವರೆಗೆ ಅವರಿಗೆ ಕಾಫಿ ಇಲ್ಲ. ಬಾಗಿಲಿಗೆ ಆ ಬೋರ್ಡು ಬರೆದು ಹೊಡೆದವಳು ನಾನೇ.

ಸೇತುವೆಯ ಕೆಳಗಿನ ಮಡುವಿನಲ್ಲಿ ಹಾರ್ಲನ್ ಗಾಳ ಬಿಟ್ಟಿದ್ದ. ಮೀನು ಕಚ್ಚಿತು. ಅವನು ಈ ಜನ್ಮದಲ್ಲಿ ಹಿಡಿದದ್ದರಲ್ಲೆಲ್ಲ ದೊಡ್ಡದು. ಕಚ್ಚಿದ್ದೇ ತಡ ಅದು ಹರಿವಿನ ಜೊತೆ ಕೆಳಕ್ಕೆ ಓಡಿತು. ಅವನ ಕೋಲಿನ ಉಂಗುರಗಳಲ್ಲಿ ಮಂಜು ಕಟ್ಟಿ ದಾರ ಬಿಡಲೊಲ್ಲದು, ಇನ್ನೇನು ಹರಿಯಬೇಕು. ನಾನು ಕೈಬಲೆ ಹಿಡಿದುಕೊಂಡು ಮಡುವಿನ ಕೆಳತುದಿಯಲ್ಲಿ ಅಡ್ಡ ನುಗ್ಗಿದೆ. ಮೀನು ಬಲೆಗೆ ಬಿತ್ತು ಕೂಡ. ಆಗ ಅವನು ಹಿಂದಿನಿಂದ, ಕೂಗದೆ, ನಾಯಿಮರಿಗೆ ಹೇಳುವಷ್ಟು ಮೆಲ್ಲಗೆ ಹೇಳಿದ: "ವರ್ನಾ, ಅಲ್ಲೇ ನಿಲ್ಲು. ಕಾಲು ಎತ್ತಬೇಡ."

ಗೂಡುಗಳ ನಟ್ಟನಡುವೆ ನಿಂತಿದ್ದೆ.

ಮೀನನ್ನು ಬಿಟ್ಟೆವು. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬಂದೆ. ಥರ್ಮಾಸಿನ ಸೂಪು ಕುಡಿಯುವಾಗ ಅವನು ಹವೆಯ ಮಾತಾಡಿದ, ನಾನೂ ಹವೆಯ ಮಾತಾಡಿದೆ.

ಮರುದಿನ ಡೆಲ್ಬರ್ಟ್ ಬಂದ. ಈಗಲೂ ನಮ್ಮಲ್ಲಿ ದೋಣಿ ನಡೆಸುವವನು ಅವನೇ, ಬಾಯಿ ಹಾಗೆಯೇ ಇದೆ. ಸೇತುವೆಯ ಮೇಲಿಂದ ಬಗ್ಗಿ ನೋಡಿದ್ದನಂತೆ. ಯಾವ ಗೂಳಿ ಹೊಕ್ಕಿತ್ತೋ, ಗೂಡುಗಳೆಲ್ಲ ಕಲಸಿದ ಹಿಟ್ಟಾಗಿವೆ ಅಂದ. ಒಲೆಯ ಸುತ್ತ ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಬಾಯಿ ತೆರೆಯುವುದರೊಳಗೆ ಹಾರ್ಲನ್ ಎದ್ದುನಿಂತ. "ನಾನೇ ತುಳಿದೆ. ಹೊಸಬ, ತಿಳೀಲಿಲ್ಲ," ಅಂದು ತನ್ನ ಮಗ್ಗನ್ನು ತಾನೇ ಬೋರಲು ಹಾಕಿ ಮೇಲಿಟ್ಟ. ಡೆಲ್ಬರ್ಟ್ ಸುಮ್ಮನಿರುತ್ತಾನೆಯೇ? ಹಸುವಿನ ಹೊಟ್ಟೆಯೊಳಗೆ ಕೈ ಹಾಕಿ ಕರು ಎಳೆದ ಡಾಕ್ಟರಿಗೆ ಕಾಲ ಕೆಳಗಿನ ಮೊಟ್ಟೆ ಕಾಣಲಿಲ್ಲವಾ ಅಂತ ಹಂಗಿಸಿದ. ಹಾರ್ಲನ್ ತಲೆಯಾಡಿಸಿಕೊಂಡು ಹೊರಗೆ ಹೋದ.

ನಾನು ಆ ವಾರವೆಲ್ಲ ಸುಮ್ಮನಿದ್ದೆ ಮಗಳೇ. ಅವನು ದಿನಾ ಬರುವುದು, ಬರಿಗೈಯಲ್ಲಿ ಒಲೆಯ ಹತ್ತಿರ ಕೂರುವುದು, ಉಳಿದವರು ಅವನೆದುರು ಬೇಕೆಂದೇ ಸೊರಸೊರ ಹೀರುವುದು. ನೋಡಲಾಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಕುರ್ಚಿ ಹತ್ತಿ ಅವನ ಮಗ್ಗು ಇಳಿಸಿ ನನ್ನದನ್ನು ಮೇಲಿಟ್ಟೆ.

"ಇದೇನು?" ಅಂದ ಡೆಲ್ಬರ್ಟ್.

"ತುಳಿದದ್ದು ನಾನು."

"ನೀನಾ? ಯಾಕೆ?"

"ಮೀನು ದೊಡ್ಡದಿತ್ತು. ಆಸೆ ಆಯ್ತು, ನುಗ್ಗಿದೆ."

ಡೆಲ್ಬರ್ಟ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬೋರ್ಡ್ ಬರೆದೋಳೇ ತುಳಿದ್ರೆ ನಾವು ಇನ್ಮೇಲೆ ಯಾರ ಹತ್ರಮ್ಮ ಬೈಸ್ಕೊಳ್ಳೋದು?"

ನಗೆಯಲ್ಲಿ ಮುಗಿಯಿತು. ಈಗ ನಾನು ಪೆಟ್ರೋಲ್ ಬಂಕಿಗೆ ನಡೆದುಹೋಗಿ ಅವರು ಕಾಫಿ ಅನ್ನುವ ಆ ಬಣ್ಣದ ನೀರು ಕುಡಿಯುತ್ತಿದ್ದೇನೆ.

ಹಾರ್ಲನ್ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ ಕೇಳಿದ: "ನನ್ನ ಹೆಸರು ಕೆಟ್ರೆ ಇಲ್ಲಿ ಯಾರಿಗೆ ಏನು? ನಿನ್ನ ಹೆಸರಂದ್ರೆ ಈ ಅಂಗಡಿ. ಯಾಕೆ ಹೇಳಿದೆ?" ನನ್ನ ಪರವಾಗಿ ಸುಳ್ಳು ಹೇಳುವವರು ಮನೆಯಲ್ಲಿರುವುದು ನನಗೆ ಬೇಡ, ನನ್ನ ಗಂಡನ ಜೊತೆ ಅದು ಸಾಕಷ್ಟಾಗಿದೆ ಅಂದೆ. "ಸರಿ, ಇನ್ನು ಹೇಳಲ್ಲ," ಅಂದ. ಬಾಗಿಲಲ್ಲಿ ನಿಂತು, ಉತ್ತರ ಯಾವಾಗ ಅಂತ ಕೇಳಿದ. ಭಾನುವಾರ ಅಂದೆ.

ಭಾನುವಾರ ಬೇಡ ಅಂತ ಹೇಳುವವಳಿದ್ದೇನೆ. ನೀನು ಬೈಯುತ್ತೀ, ಗೊತ್ತು. ಈ ವಯಸ್ಸಿಗೆ ಇನ್ನೊಬ್ಬರ ಊಟದ ಹೊತ್ತಿಗೆ ನನ್ನ ಹೊಟ್ಟೆಯನ್ನು ಹೊಂದಿಸಲಾರೆ. ಒಂಟಿ ಮನೆ ನನಗೆ ರೂಢಿಯಾಗಿದೆ. ಚಳಿಗಾಲದಲ್ಲಿ ಅಡಿಗೆಮನೆಯ ತುಂಬ ಗರಿ ಹರಡಿಕೊಂಡು ನೊಣ ಕಟ್ಟುತ್ತಾ ಕೂತರೆ ಯಾರೂ ಕೇಳುವುದಿಲ್ಲ. ಅವನು ಎದುರುಮನೆಯವನಾಗಿಯೇ ಇರಲಿ. ಎದುರುಮನೆಯವರ ಜೊತೆ ಸಂಬಂಧ ಕೆಡುವುದು ಕಡಿಮೆ.

ಮಕ್ಕಳಿಗೆ ಉಣ್ಣೆಯ ಕೈಗವಸು ಹೆಣೆದು ಕಳಿಸಿದ್ದೇನೆ, ಕೆಂಪು ಚಿಕ್ಕವನಿಗೆ. ನಿನ್ನ ಯಜಮಾನನನ್ನು ಕೇಳಿದೆ ಅಂತ ಹೇಳು. ನಿಮ್ಮ ಮನೆ ಬೆಚ್ಚಗಿರಲಿ, ರಸ್ತೆಯಲ್ಲಿ ಚಕ್ರ ಜಾರದಿರಲಿ, ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ವರ್ನಾ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದೆ. ಆಸೆಗೆ ನುಗ್ಗಿದೆ ಅಂತ ಅಂಗಡಿಯಲ್ಲಿ ಹೇಳಿದ್ದು ಸುಳ್ಳು. ಗೂಡುಗಳು ನನಗೆ ಕಾಣಲಿಲ್ಲ. ನಿಲ್ಲು ಅಂದಾಗ ಬಗ್ಗಿ ನೋಡಿದೆ, ಆಗಲೂ ಕಾಣಲಿಲ್ಲ. ನದಿಯ ತಳವೆಲ್ಲ ಒಂದೇ ಬಣ್ಣ. ಎರಡೂ ಕಣ್ಣುಗಳಲ್ಲಿ ನಡುವಿನ ನೋಟ ಹೋಗುತ್ತಿದೆ, ನಿಧಾನ ಮಾಡಬಹುದು, ವಾಪಸು ತರಲಾಗದು ಅಂತ ಡಾಕ್ಟರು ಬೇಸಿಗೆಯಲ್ಲೇ ಹೇಳಿದ್ದರು. ಊರಿನವರು ಆಸೆಬುರುಕಿ ಅನ್ನಲಿ, ಅದನ್ನು ಹೊರಬಲ್ಲೆ. ಹಾರ್ಲನ್ ತನ್ನ ಹೆಂಡತಿಯನ್ನು ಕೊನೆಯ ವರ್ಷಗಳಲ್ಲಿ ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಹಾಸಿಗೆಗೆ ಕೈಹಿಡಿದು ನಡೆಸಿದವನು. ಅದೇ ಕೈಗೆ ಇನ್ನೊಬ್ಬಳನ್ನು ಒಪ್ಪಿಸಲು ನನಗೆ ಮನಸ್ಸಿಲ್ಲ. ನಿಜ ಹೇಳಿದರೆ ಅವನು ಮರುಮಾತಿಲ್ಲದೆ ಮದುವೆಯಾಗುತ್ತಾನೆ, ಅದಕ್ಕೇ ಹೇಳುವುದಿಲ್ಲ. ಅವನ ನಾಯಿ ನನಗಾಗದು ಅಂತ ಹೇಳುತ್ತೇನೆ. ನಾಯಿ ಪಾಪದ್ದು, ನನ್ನ ಕಾಲ ಮೇಲೇ ಮಲಗುತ್ತದೆ, ಅವನು ನಂಬುವುದಿಲ್ಲ. ಆದರೂ ಎರಡನೇ ಸಲ ಕೇಳುವುದಿಲ್ಲ. ಅಷ್ಟು ಒಳ್ಳೆಯವನು.