ಒಂದು ಗುಂಡಿ ಕೊಂಡವರು ಗಿರಾಕಿಯೇ?

ನಗರದ ನೈರ್ಮಲ್ಯ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಬೀದಿಯ ಮೂಲೆಯಲ್ಲಿರುವ ಸಾರ್ವಜನಿಕ ಶೌಚಾಲಯಕ್ಕೆ ಮೊದಲು ಬೀಗ ಹಾಕಿದಿರಿ. ಆಮೇಲೆ, ಅಂಗಡಿಯವರೆಲ್ಲ ತಮ್ಮ ಶೌಚಾಲಯವನ್ನು ಗ್ರಾಹಕರಿಗೆ ತೆರೆದಿಡತಕ್ಕದ್ದು ಎಂದು ಆದೇಶ ಹೊರಡಿಸಿದಿರಿ. ಈ ಎರಡರ ನಡುವೆ ಸಿಕ್ಕಿ ಒಬ್ಬ ಹಿರಿಯರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದಾರೆ. ನನ್ನ ದೂರು ಇಷ್ಟೇ. ಇದನ್ನು ನಿಮ್ಮ ಕಚೇರಿಯ ಕಿಟಕಿಯಲ್ಲಿ ಹೇಳಿದೆ, ಫೋನಿನಲ್ಲಿ ಹೇಳಿದೆ, ಬೀದಿ ನೋಡಲು ಬಂದ ನಿಮ್ಮ ಇನ್‌ಸ್ಪೆಕ್ಟರಿಗೂ ಹೇಳಿದೆ. ಹೇಳಿ ಹೇಳಿ ಬಾಯಿ ಒಣಗಿತೇ ವಿನಾ ಬೀಗ ಅಲ್ಲಾಡಲಿಲ್ಲ. ಈಗ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಸಿಟ್ಟಿನಿಂದ ಬರೆಯುತ್ತಿದ್ದಾಳೆ ಎಂದು ತಿಳಿಯಬೇಡಿ. ಸಿಟ್ಟು ಮಾಡಿಕೊಳ್ಳುವುದಕ್ಕೂ ಸ್ವಲ್ಪ ತ್ರಾಣ ಬೇಕು.

ನಾನು ಗುಂಡಿ, ದಾರ, ಜಿಪ್ಪು, ಲೇಸು, ಎಲಾಸ್ಟಿಕ್ ಮಾರುವವಳು. ನಾನೂ ನನ್ನ ನಾದಿನಿಯೂ ಸೇರಿ ನಡೆಸುವ ಅಂಗಡಿ ಅದು. ಅಗಲದಲ್ಲಿ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ತಿರುಗಬೇಕು, ಉದ್ದದಲ್ಲಿ ಮಾತ್ರ ರೈಲು ಡಬ್ಬಿ. ಎರಡೂ ಗೋಡೆಗೆ ಸೂರಿನವರೆಗೆ ಸಣ್ಣ ಸಣ್ಣ ಡ್ರಾಯರುಗಳಿವೆ. ಒಳಗೆ ಯಾವ ಗುಂಡಿ ಇದೆಯೋ ಅದರದೇ ಒಂದನ್ನು ಪ್ರತಿ ಡ್ರಾಯರಿನ ಮುಖಕ್ಕೆ ಅಂಟಿಸಿದ್ದೇವೆ. ಹಿಂದುಗಡೆ ಲೇಸಿನ ಡಬ್ಬಗಳ ರಾಶಿ, ಅದರಾಚೆ ಒಂದು ಸಣ್ಣ ಬಾಗಿಲು. ಆ ಬಾಗಿಲೇ ಈ ಪತ್ರದ ವಿಷಯ. ಬೀದಿಯವರು ನಮ್ಮದನ್ನು ಗುಂಡಿ ಅಂಗಡಿ ಎನ್ನುತ್ತಾರೆ. ಯಾವ ಗುಂಡಿಯನ್ನು ನೆನೆದು ಹಾಗೆನ್ನುತ್ತಾರೆ ಎಂದು ಈಚೆಗೆ ನಮಗೇ ಅನುಮಾನ.

ನಿಮ್ಮ ಆದೇಶ ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ನಾವು ಆ ಬಾಗಿಲನ್ನು ತೆರೆದಿಟ್ಟವರು. ಧರ್ಮಕ್ಕೆಂದಲ್ಲ, ನಮ್ಮ ವ್ಯಾಪಾರ ಹಾಗಿದೆ. ಕೋಟಿನಲ್ಲಿ ಒಂದೇ ಒಂದು ಗುಂಡಿ ಬಿದ್ದುಹೋಗಿರುತ್ತದೆ. ಅದರದೇ ಬಣ್ಣ, ಅದರದೇ ಅಂಚು, ಅಷ್ಟೇ ತೂತು ಇರುವ ಇನ್ನೊಂದನ್ನು ಹುಡುಕುವುದು ಸಂಬಂಧ ಕುದುರಿಸುವುದಕ್ಕಿಂತ ಕಷ್ಟ. ಬಂದವರು ಗಂಟೆಗಟ್ಟಲೆ ನಿಲ್ಲುತ್ತಾರೆ. ನಿಂತವರಿಗೆ ಹೊಟ್ಟೆ ಇದೆ, ಕಿಬ್ಬೊಟ್ಟೆ ಇದೆ. ಯಾರೂ ನೇರವಾಗಿ ಕೇಳುವುದಿಲ್ಲ. ಸುಮ್ಮನೆ ಸೂರು ನೋಡುತ್ತಾರೆ, ಕಾಲು ಬದಲಿಸುತ್ತಾರೆ, ಆಮೇಲೆ ದನಿ ಇಳಿಸಿ, "ಸ್ವಲ್ಪ ಕೈ ತೊಳ್ಕೋಬೇಕಿತ್ತು" ಎನ್ನುತ್ತಾರೆ. ಸಾಲ ಕೇಳುವಾಗಲೂ ಜನ ಅಷ್ಟು ಕುಗ್ಗುವುದನ್ನು ನಾನು ನೋಡಿಲ್ಲ. "ಹಿಂದುಗಡೆ ಹೋಗಿ, ಡಬ್ಬ ತಾಗೀತು ನೋಡ್ಕೊಳ್ಳಿ" ಎಂದು ನಾನು ಹೇಳುತ್ತೇನೆ. ಅಷ್ಟಕ್ಕೇ ಅವರ ಮುಖದಲ್ಲಿ ಕಾಣುವ ನಿರಾಳವನ್ನು ನೀವು ನೋಡಿದ್ದರೆ ನಿಮ್ಮ ಆದೇಶವನ್ನು ಬೇರೆ ಥರ ಬರೆಯುತ್ತಿದ್ದಿರೋ ಏನೋ. ಗಿರಾಕಿಗಳ ಹಿಂದೆಯೇ ಚೌಕದ ಟ್ರಾಫಿಕ್ ಪೊಲೀಸ್ ಹೆಣ್ಣುಮಗಳು ಬರತೊಡಗಿದಳು. ಅದಕ್ಕೆ ಮೊದಲು ಆಕೆ ಡ್ಯೂಟಿ ಮುಗಿಯುವವರೆಗೆ ತೊಟ್ಟು ನೀರು ಕುಡಿಯುತ್ತಿರಲಿಲ್ಲವಂತೆ. ಶಾಲೆ ವ್ಯಾನಿನ ಡ್ರೈವರ್ ಬರತೊಡಗಿದ. ಅವರು ಗುಂಡಿ ಕೊಳ್ಳುವವರಲ್ಲ. ಬೇಡ ಎನ್ನುವುದು ಹೇಗೆ?

ಹಾಗೆಂದು ನಮ್ಮನ್ನು ದೊಡ್ಡವರು ಎಂದುಕೊಳ್ಳಬೇಡಿ. ಬಂದವರು ಹೋದಮೇಲೆ ಅಲ್ಲಿ ಬ್ರಷ್ಷು ಹಿಡಿಯುವುದು ಯಾರು? ಒಂದು ದಿನ ನಾನು, ಒಂದು ದಿನ ನಾದಿನಿ. ಅವಳ ಸರದಿಯ ದಿನ ನನಗೆ ಮಂಗಳಾರತಿ ತಪ್ಪುವುದಿಲ್ಲ.

"ಅತ್ತಿಗೆ, ಊರಿಗೆ ಉಪಕಾರಿ ಮನೆಗೆ ಮಾರಿ ಅಂತಾರಲ್ಲ, ಅದು ನೀವೇ. ಪುಣ್ಯ ನಿಮಗೆ, ಫಿನೈಲು ನನಗೆ."

"ಅರ್ಧ ಪುಣ್ಯ ನೀನೇ ಇಟ್ಕೋ ಮಾರಾಯ್ತಿ."

"ನನಗೆ ಪುಣ್ಯ ಬೇಡ, ರಬ್ಬರ್ ಗ್ಲೌಸ್ ಕೊಡಿಸಿ."

ಅವಳ ಮಾತಿನಲ್ಲಿ ಸುಳ್ಳಿಲ್ಲ. ಬಾಗಿಲು ತೆರೆಯದ ಅಂಗಡಿಯವರೆಲ್ಲ ಕಲ್ಲೆದೆಯವರು ಎಂದು ನಾನು ವಾದಿಸುವುದಿಲ್ಲ. ಕೆಲವರಿಗೆ ನೀರಿಲ್ಲ, ಕೆಲವರಿಗೆ ಜಾಗವಿಲ್ಲ, ಹಿಂದೆ ಹೋದವರು ಜೇಬಿಗೆ ಏನು ಇಳಿಸಿದರು ಎಂದು ನೋಡಲು ಇನ್ನೊಬ್ಬ ಆಳಿಲ್ಲ. ಅಂಗಡಿಯವರ ಕಷ್ಟ ಅಂಗಡಿಯವರದು. ಆದರೆ ನಿಮ್ಮ ಕಷ್ಟ ಏನು ಎಂಬುದು ನನಗೆ ಇದುವರೆಗೆ ತಿಳಿದಿಲ್ಲ.

ಈಗ ಆ ಹಿರಿಯರ ವಿಷಯ. ನಾವು ಅವರನ್ನು ಕಂಡಕ್ಟರಣ್ಣ ಎನ್ನುತ್ತೇವೆ. ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ಬೀದಿಯ ಆ ತುದಿಯಲ್ಲಿರುವ ವಾಚನಾಲಯಕ್ಕೆ ಬೆಳಿಗ್ಗೆ ಹೋಗಿ ಪೇಪರ್ ಓದಿ, ತಮ್ಮ ಹಳೇ ಡ್ರೈವರ್ ಜೊತೆ ಒಂದಷ್ಟು ಜಗಳವಾಡಿ, ಊಟದ ಹೊತ್ತಿಗೆ ಮನೆಗೆ ಮರಳುತ್ತಿದ್ದರು. ಅವರ ದಿನಕ್ಕೆ ಅದೇ ಬೆನ್ನೆಲುಬು. ವಯಸ್ಸಿನ ಕಾಯಿಲೆ, ಅದಕ್ಕೊಂದು ಮಾತ್ರೆ. ಮಾತ್ರೆ ನುಂಗಿದರೆ ಹೆಚ್ಚು ಹೊತ್ತು ತಡೆಯುವುದಕ್ಕಾಗುವುದಿಲ್ಲ. ಮೊದಲೆಲ್ಲ ಮೂಲೆಯ ಶೌಚಾಲಯಕ್ಕೆ ಹೋಗುತ್ತಿದ್ದರು. ಅದಕ್ಕೆ ಬೀಗ ಬಿದ್ದಮೇಲೆ ಒಂದು ದಿನ ನಮ್ಮಲ್ಲಿಗೆ ಬಂದು ಕೇಳಿದರು. ಹೋಗಿ ಬನ್ನಿ ಎಂದೆ. ಹೊರಗೆ ಬಂದವರು ಹೋಗಲಿಲ್ಲ, ಗಲ್ಲಾ ಮುಂದೆಯೇ ನಿಂತರು.

"ಒಂದು ಗುಂಡಿ ಕೊಡಮ್ಮ."

"ಯಾವುದಕ್ಕೆ ಅಣ್ಣ? ಅಂಗಿ ತಂದಿದ್ದೀರಾ?"

"ಯಾವುದಾದ್ರೂ ಕೊಡು. ಟಿಕೆಟ್ ಇಲ್ದೆ ಪ್ರಯಾಣ ಮಾಡಿ ನನಗೆ ಅಭ್ಯಾಸ ಇಲ್ಲ."

ಅಂದಿನಿಂದ ಅದೇ ರೂಢಿಯಾಯಿತು. ಮರುದಿನದಿಂದ ಹಿಂದೆ ಹೋಗುವ ಮೊದಲೇ ಒಂದು ಗುಂಡಿ. ಬೇಡ ಎಂದರೆ ನಾಳೆ ಬರುವುದಿಲ್ಲ ಎಂದು ಗೊತ್ತಿದ್ದುದರಿಂದ ನಾನು ಮರುಮಾತಾಡದೆ ಕೊಡುತ್ತಿದ್ದೆ. ಅವರೂ ಸುಮ್ಮನೆ ತೆಗೆದುಕೊಳ್ಳುವವರಲ್ಲ. ಡ್ರಾಯರುಗಳ ಮುಖ ನೋಡುತ್ತ, ಇವತ್ತು ನೀಲಿ, ಇವತ್ತು ಹಿತ್ತಾಳೆಯದು ಎಂದು ಆರಿಸುತ್ತಿದ್ದರು. ಅವಸರ ಮೈಯನ್ನು ಹಿಂಡುತ್ತಿರುವಾಗಲೂ ಆರಿಸುತ್ತಿದ್ದರು.

ಕೆಲವು ತಿಂಗಳಾದಮೇಲೆ ಅವರ ಸೊಸೆ ಅಂಗಡಿಗೆ ಬಂದಳು. ಮಾವನವರು ದಿನವೂ ಒಂದೊಂದು ಗುಂಡಿ ತರುತ್ತಾರೆ, ಒಂದಕ್ಕೊಂದು ಜೋಡಿಯಿಲ್ಲ, ಕೇಳಿದರೆ ಮಾತು ಮರೆಸುತ್ತಾರೆ, ತಲೆಗೇನಾದರೂ ಆಗಿದೆಯೋ ಎಂದು ಮನೆಯಲ್ಲಿ ಭಯ ಎಂದಳು. "ನೀವಾದ್ರೂ ಯಾಕೆ ಕೊಡ್ತೀರಕ್ಕ?" ಎಂದು ನನ್ನನ್ನೇ ಕೇಳಿದಳು. ವಿಷಯ ಹೇಳಿದೆ. ಸ್ಟೂಲಿನ ಮೇಲೆ ಕೂತು ಮೊದಲು ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು.

"ನಮಗೆ ಒಂದು ಮಾತು ಹೇಳಬಹುದಿತ್ತಲ್ಲ."

"ಹೇಳೋಕೆ ಅದೇನು ಪರೀಕ್ಷೆ ಪಾಸಾದ ಸುದ್ದಿನಾ?" ಎಂದಳು ನಾದಿನಿ, ದಾರದುಂಡೆ ಜೋಡಿಸುತ್ತ.

ತಾನು ಬಂದದ್ದು ಮಾವನವರಿಗೆ ಗೊತ್ತಾಗುವುದು ಬೇಡ ಎಂದು ಹೇಳಿ ಸೊಸೆ ಹೋದಳು. ಆ ಗುಂಡಿಗಳನ್ನೆಲ್ಲ ಒಂದು ದಿಂಬಿನ ಹೊದಿಕೆಗೆ ಹೊಲಿದುಕೊಟ್ಟಳಂತೆ. ನಡೆಯುತ್ತಿತ್ತು, ಮಾನ್ಯರೇ. ಯಾರ ಆದೇಶವೂ ಇಲ್ಲದೆ, ಎಲ್ಲರ ಮಾನವೂ ಉಳಿದು, ಹೇಗೋ ನಡೆಯುತ್ತಿತ್ತು.

ಆಗ ನಿಮ್ಮ ಸ್ಟಿಕ್ಕರ್ ಬಂತು. ಹಸಿರು ಬಣ್ಣ, ಅದರ ಮೇಲೆ ನಗುವ ಮುಖ, 'ಇಲ್ಲಿ ಗ್ರಾಹಕರಿಗೆ ಶೌಚಾಲಯ ಸೌಲಭ್ಯವಿದೆ' ಎಂಬ ಸಾಲು. ಅಂಟಿಸದಿದ್ದರೆ ದಂಡ. ಅದನ್ನು ತಂದ ನಿಮ್ಮ ಇನ್‌ಸ್ಪೆಕ್ಟರ್ ಸಭ್ಯರು, ಅವರ ಮೇಲೆ ನನ್ನ ದೂರಿಲ್ಲ.

"ಮೂಲೆಯದ್ದು ಯಾವಾಗ ತೆಗೀತೀರಿ ಸಾರ್?" ಎಂದು ಕೇಳಿದೆ.

"ಅದು ಕಟ್ಟಡ ವಿಭಾಗ ಮೇಡಂ. ನಮ್ಮದು ಸ್ಟಿಕ್ಕರ್ ಮಾತ್ರ."

"ಗ್ರಾಹಕರು ಅಂದ್ರೆ ಯಾರು?"

"ಏನಾದ್ರೂ ಖರೀದಿ ಮಾಡಿದೋರು."

"ಒಂದು ಗುಂಡಿ ತಗೊಂಡ್ರೆ?"

ಅವರು ಆದೇಶವನ್ನು ತಿರುವಿ ಹಾಕಿದರು. "ಇದರಲ್ಲಿ ಅದು ಇಲ್ಲ. ನಿಮ್ಮ ವಿವೇಚನೆಗೆ ಬಿಟ್ಟಿದ್ದು" ಎಂದರು. ವಿವೇಚನೆಯನ್ನೂ ನಮಗೇ ಬಿಟ್ಟಮೇಲೆ ನಿಮ್ಮ ಬಳಿ ಉಳಿಯುವುದೇನು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವರು ಪಕ್ಕದ ಅಂಗಡಿಯಲ್ಲಿದ್ದರು.

ಬೀದಿಯ ಪ್ರತಿ ಬಾಗಿಲಿಗೂ ನಗುವ ಮುಖ ಬಂತು. ಒಳಗೆ ಕೇಳಿದರೆ ಒಂದೆಡೆ ನೀರಿಲ್ಲ, ಒಂದೆಡೆ ರಿಪೇರಿ, ಇನ್ನೊಂದೆಡೆ ಕೀಲಿ ಇರುವವರು ಊಟಕ್ಕೆ ಹೋಗಿದ್ದಾರೆ. ಅಲ್ಲಿಂದ ಹೊರಬಿದ್ದವರೆಲ್ಲ "ಗುಂಡಿ ಅಂಗಡೀಲಿ ಕೇಳಿ" ಎಂಬ ದಾರಿ ಹಿಡಿದು ನಮ್ಮಲ್ಲಿಗೆ ಬಂದರು. ಮೊದಲು ಕೇಳುವಾಗ ಕುಗ್ಗುತ್ತಿದ್ದ ಜನ ಈಗ ಸ್ಟಿಕ್ಕರ್ ತೋರಿಸಿ ಗದರತೊಡಗಿದರು. ತಪ್ಪು ಅವರದಲ್ಲ, ಹಕ್ಕು ಎಂದು ನೀವು ಬರೆದಿದ್ದೀರಿ. ಆದರೆ ಹಕ್ಕು ಬರೆದವರು ನೀವು, ಪೈಪು ನಮ್ಮದು. ಇಬ್ಬರು ಹೆಂಗಸರ ಅಂಗಡಿಗೆಂದು ಹಾಕಿಸಿದ ಪೈಪು ಊರನ್ನು ಎಷ್ಟು ದಿನ ಹೊತ್ತೀತು? ಒಂದು ಬೆಳಿಗ್ಗೆ ಕಟ್ಟಿಕೊಂಡಿತು. ಕೊಳಕು ನೀರು ಹಿಂದಕ್ಕೆ ಉಕ್ಕಿ ಲೇಸಿನ ಡಬ್ಬಗಳ ಕೆಳಗೆ ಹರಿಯಿತು. ನಾದಿನಿ ಡಬ್ಬ ಎತ್ತಿಡತೊಡಗಿದಳು. ಅವಳು ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಒಬ್ಬರು ಇನ್ನೊಬ್ಬರಿಗೆ, ಇನ್ನೊಬ್ಬರು ಮತ್ತೊಬ್ಬರಿಗೆ ಕೊಟ್ಟರು. ಕೊನೆಯವರು ಹೇಳಿದ್ದು ಇಷ್ಟು: "ಅದು ಖಾಸಗಿ ಆಸ್ತಿ ಮೇಡಂ, ನೀವೇ ಮಾಡಿಸ್ಕೋಬೇಕು." ಎಂಥ ಸೊಗಸಾದ ಕಾನೂನು. ಹರಿಯುವಾಗ ಸಾರ್ವಜನಿಕ, ಕಟ್ಟಿಕೊಂಡಾಗ ಖಾಸಗಿ.

ನಾನು ಪ್ಲಂಬರ್ ಹುಡುಕಿಕೊಂಡು ಹೋದೆ. ಅದೇ ಹೊತ್ತಿಗೆ ಕಂಡಕ್ಟರಣ್ಣ ಬಂದರು. "ಅಣ್ಣ, ಇವತ್ತು ಆಗಲ್ಲ, ಪೈಪ್ ಕಟ್ಟಿದೆ. ಎದುರುಗಡೆ ಕೇಳಿ ನೋಡಿ, ಸ್ಟಿಕ್ಕರ್ ಇದೆ" ಎಂದಳು ನಾದಿನಿ. "ಪರವಾಗಿಲ್ಲಮ್ಮ" ಎಂದು ಅವರು ರಸ್ತೆ ದಾಟಿದರು. ಔಷಧಿ ಅಂಗಡಿಯಲ್ಲಿ ನೀರಿಲ್ಲ ಎಂದರು. ಬ್ಯಾಂಕಿನ ಬಾಗಿಲಲ್ಲಿ, ಸಿಬ್ಬಂದಿಗೆ ಮಾತ್ರ ಎಂದರು. ದೊಡ್ಡ ಬಟ್ಟೆ ಅಂಗಡಿಯಲ್ಲಿ ಬಿಲ್ ತೋರಿಸಿ ಎಂದರು. ಮುಂದಿನದನ್ನು ಆ ಅಂಗಡಿಯಲ್ಲಿ ಕೆಲಸಕ್ಕಿರುವ ಹೆಣ್ಣುಮಗಳೇ ನನಗೆ ಹೇಳಿದಳು. ಬಿಲ್ ಬೇಕೆಂದಾಗ ಅವರು ಒಂದು ಕರವಸ್ತ್ರ ಕೊಂಡರಂತೆ. ಬಿಲ್ ಮಾಡಿಸಲು ಸಾಲಿನಲ್ಲಿ ನಿಂತರಂತೆ. ಶೌಚಾಲಯ ಮೇಲಿನ ಮಹಡಿಯಲ್ಲಿ. ಲಿಫ್ಟು ಸಾಮಾನಿಗೆ ಮಾತ್ರ. ಪಕ್ಕದ ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದರು. ಮೇಲಿನಿಂದ ಜನ ಇಳಿಯುತ್ತಿದ್ದರು, ಕೆಳಗಿನಿಂದ ಹತ್ತುತ್ತಿದ್ದರು. ಅರ್ಧ ದಾರಿಯಲ್ಲಿ ಅವರು ನಿಂತುಬಿಟ್ಟರು.

"ಯಾರೋ ಒಬ್ಬರು, ಛೀ ಅಂದ್ರು ಮೇಡಂ. ಅವರು ಆ ಹೊಸಾ ಕರವಸ್ತ್ರ ತೆಗೆದು ಬಗ್ಗಿ ಮೆಟ್ಟಿಲು ಒರೆಸೋಕೆ ಶುರು ಮಾಡಿದ್ರು. ನಾನು ಕೈ ಹಿಡ್ಕೊಂಡೆ. ಬಿಡಿ ಅಜ್ಜ, ನಾನು ಒರೆಸ್ತೀನಿ ಅಂದೆ. ಬಿಡಲಿಲ್ಲ."

ಇಷ್ಟನ್ನು ಹೇಳಿ ಆ ಹುಡುಗಿ ಆಚೆ ನೋಡಿದಳು. ಅಲ್ಲಿ ಕೆಲಸ ಮಾಡುವ ಅವಳೂ ಮೇಲಿನ ಮಹಡಿಗೆ ಹೋಗಬೇಕಾದರೆ ಸೂಪರ್‌ವೈಸರ್ ಅಪ್ಪಣೆ ಬೇಕಂತೆ.

ಒಂದು ವಾರ ಅವರು ಬೀದಿಯಲ್ಲಿ ಕಾಣಲಿಲ್ಲ. ನಾನು ಮನೆಗೆ ಹೋದೆ. ಸೊಸೆ ಒಳಗೆ ಕರೆದಳು. ಅವರು ಕಿಟಕಿಯ ಪಕ್ಕ, ಪೇಪರ್ ಹಿಡಿದು ಕೂತಿದ್ದರು. ಮೊದಲು ಕೇಳಿದ್ದೇ ನಮ್ಮ ಪೈಪಿನ ಸಮಾಚಾರ.

"ಸರಿಹೋಯ್ತೇನಮ್ಮ?"

"ಅವತ್ತೇ ಸಂಜೆ ಸರಿಹೋಯ್ತು ಅಣ್ಣ. ನೀವು ಬನ್ನಿ. ಯಾರನ್ನೂ ಕೇಳೋದು ಬೇಡ, ನೇರ ಹಿಂದಕ್ಕೆ ಹೋಗಿ."

"ಬೇಡಮ್ಮ. ಪೇಪರ್ ಮನೆಗೇ ತರಿಸ್ತಾ ಇದ್ದೀನಿ."

"ನಿಮ್ಮ ಡ್ರೈವರ್ ಸಾಹೇಬರು ಕಾಯ್ತಿರ್ತಾರಲ್ಲ?"

ಅವರು ಪೇಪರನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಹೇಳಿದರು:

"ನಮ್ಮ ಬಸ್ಸಲ್ಲಿ ಯಾರಾದ್ರೂ ಮುದುಕರು, ಬಸುರಿ ಹೆಂಗಸರು ಎದ್ದು ನಿಂತು ನನ್ನ ಮುಖ ನೋಡೋರು. ಬಾಯಿ ಬಿಟ್ಟು ಹೇಳ್ತಿರಲಿಲ್ಲ. ನಾನು ಸೀಟಿ ಊದ್ತಿದ್ದೆ, ಅವನು ಗಾಡಿ ನಿಲ್ಲಿಸ್ತಿದ್ದ. ಇಡೀ ಬಸ್ಸು ಕಾಯ್ತಿತ್ತು. ಹೊತ್ತಾಯ್ತು ಅಂತ ಯಾರಾದ್ರೂ ಗೊಣಗಿದ್ರೆ ಇಬ್ಬರೂ ಸೇರಿ ಬೈತಿದ್ವಿ. ಆಮೇಲೆ ಡಿಪೋದಲ್ಲಿ ನಮ್ಮನ್ನ ಬೈಯೋರು, ಅದು ಬೇರೆ." ಪೇಪರನ್ನು ಪಕ್ಕಕ್ಕಿಟ್ಟು, "ಅವತ್ತು ಆ ಮೆಟ್ಟಿಲ ಮೇಲೆ ನಾನೂ ಎಲ್ಲರ ಮುಖ ನೋಡ್ದೆ ಕಣಮ್ಮ" ಎಂದರು.

ಇದಕ್ಕೆ ನಿಮ್ಮ ಬಳಿ ಉತ್ತರವಿದ್ದರೆ ತಿಳಿಸಿ, ಅವರಿಗೆ ತಲುಪಿಸುತ್ತೇನೆ.

ಹಿಂದಿರುಗುವಾಗ ಮೂಲೆಯ ಶೌಚಾಲಯದ ಮುಂದೆ ನಿಂತೆ. ಬಾಗಿಲ ಸಂದಿಯಿಂದ ಒಳಗೆ ಬಗ್ಗಿ ನೋಡಿದೆ. ಒಳಗೆ ನಿಮ್ಮದೇ ವಿಭಾಗದ ಬೋರ್ಡುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ಮೇಲಿನದು ಓದಲು ಸಿಕ್ಕಿತು: 'ಸ್ವಚ್ಛತೆ ಎಲ್ಲರ ಹೊಣೆ.' ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ ಎಂದು ನನ್ನಂಥ ದಾರ ಮಾರುವವಳಿಗೂ ಗೊತ್ತು.

ಅಂಗಡಿಗಳು ಬಂದವರಿಗೆ ಬಾಗಿಲು ತೆರೆಯಬೇಕೇ? ತೆರೆಯಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ, ನನ್ನ ನಾದಿನಿಗೆ ಒಂದೂವರೆ ಮಾತು ಮಾತ್ರ. ಆದರೆ ಅದು ಅಂಗಡಿಯವರು ತಮ್ಮ ಕೈಲಾದಷ್ಟು ಮಾಡುವ ಕೆಲಸ. ನೀವು ಮಾಡಲೇಬೇಕಾದದ್ದನ್ನು ಮಾಡಿದಮೇಲೆ ಅದರ ಜೊತೆಗೆ ಸೇರಬೇಕಾದದ್ದು. ಮನೆಯ ಯಜಮಾನ ತನ್ನವರನ್ನು ಉಪವಾಸ ಕೆಡವಿ, ಪಕ್ಕದ ಮನೆಯವರು ಉಣ್ಣಿಸತಕ್ಕದ್ದು ಎಂದು ಚೀಟಿ ಬರೆದ ಹಾಗಿದೆ ನಿಮ್ಮ ಆದೇಶ.

ಆದ್ದರಿಂದ ಕೇಳುತ್ತಿದ್ದೇನೆ. ಬೋರ್ಡುಗಳನ್ನು ಹೊರಗೆ ಹಾಕಿ, ಮೂಲೆಯ ಬೀಗ ತೆಗೆಸಿ. ಅಲ್ಲಿಗೆ ನೀರು ಬರಲಿ, ತೊಳೆಯುವವರಿಗೆ ಸರಿಯಾಗಿ ಸಂಬಳ ಬರಲಿ. ಬಾಗಿಲು ತೆರೆದಿಟ್ಟ ಅಂಗಡಿಯ ಪೈಪು ಕಟ್ಟಿದರೆ ಅಂದೇ ನಿಮ್ಮ ಗಾಡಿ ಬರಲಿ. ಮತ್ತೆ ಆ ಆದೇಶದಲ್ಲಿ 'ಗ್ರಾಹಕರು' ಎಂದಿರುವ ಕಡೆಯೆಲ್ಲ ಆ ಪದ ಹೊಡೆದು 'ಜನರು' ಎಂದು ಬರೆಯಿರಿ. ಇದಕ್ಕೆ ಖರ್ಚಿಲ್ಲ, ಟೆಂಡರ್ ಬೇಕಿಲ್ಲ, ಕಟ್ಟಡ ವಿಭಾಗವನ್ನು ಕೇಳಬೇಕಿಲ್ಲ.

ಇಷ್ಟಾದ ದಿನ ನಾನೇ ಅವರ ಮನೆಗೆ ಹೋಗಿ, "ಅಣ್ಣ, ಏಳಿ, ದಾರಿಯಲ್ಲಿ ಎಲ್ಲೂ ಯಾರ ಮುಖವನ್ನೂ ನೋಡಬೇಕಾಗಿಲ್ಲ" ಎಂದು ಹೇಳುತ್ತೇನೆ. ಇವತ್ತು ಹೋಗಿ ಹಾಗೆಂದರೆ ಸುಳ್ಳಾಗುತ್ತದೆ. ಅವರ ಹತ್ತಿರ ಸುಳ್ಳು ಹೇಳುವುದು ನನ್ನಿಂದಾಗದು.

ಇಂತಿ,
ತಮ್ಮ ಆದೇಶದ ಮೇರೆಗೆ ಊರಿನ ಶೌಚಾಲಯವಾಗಿರುವ,
ಬಿಡುವು ಸಿಕ್ಕಾಗ ದಾರ ಮಾರುವ,
ಒಬ್ಬ ಅಂಗಡಿಯವಳು

(ಇಂದು ತೊಳೆಯುವ ಸರದಿ ನನ್ನದಾದ್ದರಿಂದ ಪತ್ರವನ್ನು ಇಲ್ಲಿಗೆ ಮುಗಿಸಿದ್ದೇನೆ.)